ಮೂವತ್ತು ಮನೆಯ ಒಂದು ಚಿತ್ರ

(ದಸರೆಗೆ ಮೂರು ವಾರ ಇರುವಾಗ, ಮೈಸೂರಿನ ಸರಸ್ವತಿಪುರಂನಲ್ಲಿ ಗೆಳೆಯರು ಸೇರಿಸಿದ್ದ ಒಂದು ಸಂಜೆ, ಹಬ್ಬಕ್ಕೆ ಉಡುಗೊರೆ ಕೊಡುವ, ಎಣಿಸಿ ತೆಗೆದ ಅಚ್ಚಿನ ಚಿತ್ರಗಳ ಬಗ್ಗೆ ನಾನು ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ, ಒಂದೆರಡು ಕಡೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಾಫಿ ಆಮೇಲೆ ಕೊಡ್ತಾರಂತೆ, ಅದಕ್ಕೇ ಎಲ್ಲರೂ ಕೂತಿದ್ದೀರಿ ಅಂತ ಗೊತ್ತು. ಬೇಗ ಶುರು ಮಾಡ್ತೀನಿ.

ಹೋದ ವರ್ಷ ದೀಪಾವಳಿಗೆ ಪಕ್ಕದ ಮನೆಯ ಮೇಷ್ಟ್ರಿಗೆ ಒಂದು ಚಿತ್ರ ಕೊಟ್ಟೆ. ಕುಕ್ಕರಹಳ್ಳಿ ಕೆರೆಯ ಒಣ ಕೊಂಬೆಯ ಮೇಲೆ ಕುತ್ತಿಗೆ ಒಳಗೆಳೆದುಕೊಂಡು ಕೂತ ಹೆಜ್ಜಾರ್ಲೆ. ಲಿನೋ ಅನ್ನುವ ಮೆತ್ತನೆಯ ನೆಲಹಾಸಿನ ತುಂಡಿನ ಮೇಲೆ ಕೆತ್ತಿ, ಕಪ್ಪು ಇಂಕಿನಲ್ಲಿ ಅಚ್ಚು ಹಾಕಿದ್ದು. ಅಂಗೈ ಎರಡು ಅಗಲಿಸಿದರೆ ಎಷ್ಟೋ ಅಷ್ಟು ದೊಡ್ಡದು. ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. ಹಕ್ಕಿಯನ್ನು ನೋಡಲಿಲ್ಲ, ಕೆಳಗೆ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದನ್ನು ನೋಡಿದರು. 12/30.

"ಇದೇನಮ್ಮ, ಚೀಟಿ ನಂಬರಾ?" ಅಂದರು.

ಅಲ್ಲ ಮೇಷ್ಟ್ರೇ, ಇದೇ ಬ್ಲಾಕಿನಿಂದ ಮೂವತ್ತು ಹಾಳೆ ತೆಗೆದಿದ್ದೀನಿ, ಇದು ಹನ್ನೆರಡನೆಯದು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು. "ಹಾಗಾದ್ರೆ ಒರಿಜಿನಲ್ ಯಾರ ಹತ್ರ ಇದೆ?"

ಇವತ್ತು ನಾನು ಆಡಬೇಕಾದ ಮಾತೆಲ್ಲ ಈ ಎರಡು ಪ್ರಶ್ನೆಯಲ್ಲೇ ಇದೆ. ಎರಡನೆಯದಕ್ಕೆ ಉತ್ತರ ಸುಲಭ. ಮೊದಲನೆಯದಕ್ಕೆ ನಾನು ಅವತ್ತು ಕೊಟ್ಟ ಉತ್ತರ ತಪ್ಪು. ಅದು ಚೀಟಿ ನಂಬರೇ. ನನಗೆ ಅರ್ಥ ಆಗೋಕೆ ಒಂದು ವರ್ಷ ಹಿಡೀತು.

ಒರಿಜಿನಲ್ ವಿಷಯ ಮುಗಿಸಿಬಿಡ್ತೀನಿ. ನಮ್ಮೂರಿನ ಜಗನ್ಮೋಹನ ಅರಮನೆಯಲ್ಲಿ ಹಲ್ದಣಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಅದು ಜಲವರ್ಣ. ಒಂದೇ ಒಂದು. ಊರೆಲ್ಲ ಸಿಗುವ ಅದರ ಪ್ರಿಂಟುಗಳು ಆ ಒಂದರ ಫೋಟೋ. ಅಲ್ಲಿ ಒರಿಜಿನಲ್ ಬೇರೆ, ಕಾಪಿ ಬೇರೆ. ಲಿನೋ, ಮರದ ಹಲಗೆ ಕೆತ್ತುವ ವುಡ್‌ಕಟ್, ತಗಡಿನ ಮೇಲೆ ಆಸಿಡ್‌ನಿಂದ ಗೀರು ಮೂಡಿಸುವ ಎಚಿಂಗ್‌ನಲ್ಲಿ ಹಾಗಲ್ಲ. ನಾನು ಕೆತ್ತಿದ ಲಿನೋ ತುಂಡು ಚಿತ್ರ ಅಲ್ಲ. ಅದರಲ್ಲಿ ಎಲ್ಲ ಎಡಬಲ ತಿರುಗಿರುತ್ತೆ, ಹೆಜ್ಜಾರ್ಲೆ ಆ ಕಡೆ ಮುಖ ಮಾಡಿರುತ್ತೆ. ಇಂಕು ಹಚ್ಚಿ, ಹಾಳೆ ಇಟ್ಟು, ಒತ್ತಿ ಎತ್ತಿದಾಗಲೇ ಚಿತ್ರ ಹುಟ್ಟೋದು. ಮೂವತ್ತು ಸಲ ಎತ್ತಿದರೆ ಮೂವತ್ತು ಸಲ ಹುಟ್ಟುತ್ತೆ. ಇಡ್ಲಿ ತಟ್ಟೆ ಒರಿಜಿನಲ್, ಇಡ್ಲಿ ಕಾಪಿ ಅಂತ ಯಾರಾದರೂ ಅಂತಾರಾ?

ನಂಬರ್ ಹಾಕಿದ ಅಚ್ಚು ಮೈಸೂರಿಗೆ ಹೊಸದೂ ಅಲ್ಲ. ಮೇಟಗಳ್ಳಿ ಕಡೆ 1996ರಿಂದ ನೋಟು ಅಚ್ಚಾಗುತ್ತಿದೆ. ಜೇಬಿನಲ್ಲಿ ನೂರರ ನೋಟಿದ್ದರೆ ತೆಗೆದು ಗಾಂಧೀಜಿ ಚಿತ್ರದ ಮೇಲೆ ಬೆರಳಾಡಿಸಿ. ಉಬ್ಬು ಸಿಗುತ್ತಲ್ವಾ? ಅದು ಇಂಟಾಗ್ಲಿಯೋ. ತಗಡಿನ ಗೀರಿನಲ್ಲಿ ಇಂಕು ತುಂಬಿ, ಮೇಲ್ಮೈ ಒರೆಸಿ, ಭಾರಿ ಒತ್ತಡದಲ್ಲಿ ಹಾಳೆಗೆ ಎಳೆಯುವ ವಿಧಾನ. ನಮ್ಮ ಎಚಿಂಗ್ ಕೂಡ ಅದೇ ಜಾತಿ. ವ್ಯತ್ಯಾಸ ಏನು ಅಂದ್ರೆ, ನೋಟಿನ ನಂಬರು ಇದು ಯಾವುದು ಅಂತ ಮಾತ್ರ ಹೇಳುತ್ತೆ. ಒಟ್ಟು ಎಷ್ಟಿವೆ ಅಂತ ಹೇಳೋದಿಲ್ಲ. ನಮ್ಮದು ಎರಡನ್ನೂ ಹೇಳುತ್ತೆ. ಗೆರೆಯ ಮೇಲಿನ ಅಂಕಿ ಇದು ಯಾವುದು ಅಂತ, ಕೆಳಗಿನ ಅಂಕಿ ಇದಕ್ಕಿಂತ ಜಾಸ್ತಿ ತೆಗೆಯೋದಿಲ್ಲ ಅಂತ.

ಈ ಕೆಳಗಿನ ಅಂಕಿಯೇ ನನಗೆ ಮುಖ್ಯ. ಚೀಟಿ ನಡೆಸಿದವರಿಗೆ ಗೊತ್ತಿರುತ್ತೆ. ಮೂವತ್ತು ಜನ ಅಂದ ಮೇಲೆ ಮೂವತ್ತೇ ಜನ. ನಡುವೆ ಮೂವತ್ತೊಂದನೆಯವರನ್ನು ಸೇರಿಸಿದರೆ ಚೀಟಿ ನಡೆಸುವವರ ಮಾನ ಹೋಗುತ್ತೆ. ಹಾಳೆಯ ಮೇಲೆ 30 ಅಂತ ಬರೆದಾಗ ನಾನೂ ಅಂಥದೇ ಮಾತು ಕೊಟ್ಟಿರುತ್ತೇನೆ. ಯಾರಿಗೆ ಕೊಟ್ಟೆ? ಆ ಮೂವತ್ತು ಮನೆಗೆ.

ಮೊದಲು ಇದೆಲ್ಲ ಇರಲಿಲ್ಲ. ಡಚ್ ಕಲಾವಿದ ರೆಂಬ್ರಾಂಟ್ ಎಚಿಂಗ್ ಮಾಡುತ್ತಿದ್ದ ಕಾಲದಲ್ಲಿ ಯಾರೂ ಎಣಿಸಿ ಬರೆಯುತ್ತಿರಲಿಲ್ಲ. ಬೇಕಾದಾಗ ತೆಗೆಯುತ್ತಿದ್ದರು. ಅವರು 1669ರಲ್ಲಿ ತೀರಿಕೊಂಡರು. ಅವರ ತಾಮ್ರದ ತಗಡುಗಳು ಕೈಯಿಂದ ಕೈಗೆ ಹೋಗಿ, 20ನೇ ಶತಮಾನದಲ್ಲೂ ಅವುಗಳಿಂದ ಅಚ್ಚು ತೆಗೆದಿದ್ದಾರೆ. ಹೊತ್ತು ಹೋದ ಹಾಗೆ ಗೀರು ಸವೆದು, ಯಾರೋ ಮತ್ತೆ ಗೀರಿ, ಚಿತ್ರ ಮಂಕಾಗಿ ಹೋಯಿತು. ಪೆನ್ಸಿಲಿನಲ್ಲಿ ಸಹಿ ಹಾಕುವುದು, ಎಣಿಸಿ ಬರೆಯುವುದು ರೂಢಿಗೆ ಬಂದದ್ದು 19ನೇ ಶತಮಾನದ ಕೊನೆಯಿಂದ ಈಚೆಗೆ. ಪೆನ್ಸಿಲೇ ಯಾಕೆ ಅಂತ ಮಕ್ಕಳು ಕೇಳ್ತಾರೆ. ಅದು ಬಿಸಿಲಿಗೆ ಮಾಸೋದಿಲ್ಲ, ಹಾಳೆಯ ಮೇಲೆ ಸಣ್ಣ ತಗ್ಗು ಬಿಡುತ್ತೆ. ಮಷಿನ್ನಿನಲ್ಲಿ ಅಚ್ಚು ಹಾಕಿದ ಸಹಿಗೆ ಆ ತಗ್ಗು ಇರೋದಿಲ್ಲ. ಭೂತಗನ್ನಡಿ ಹಿಡಿದರೆ ಕಾಣುತ್ತೆ.

ಅಂಕಿ ಬದಲು "ಎ.ಪಿ." ಅಂತ ಇದ್ದರೆ ಅದು ಕಲಾವಿದರು ತಮಗೆ ಅಂತ ಇಟ್ಟುಕೊಂಡ ಪ್ರತಿ, ಆರ್ಟಿಸ್ಟ್ ಪ್ರೂಫ್. ನೂರಕ್ಕೆ ಹತ್ತರಷ್ಟು ಇಟ್ಟುಕೊಳ್ಳುವುದು ಪದ್ಧತಿ. ಮೂವತ್ತರ ಎಡಿಷನ್‌ಗೆ, ಅಂದರೆ ಎಣಿಸಿ ತೆಗೆದ ಮೂವತ್ತು ಪ್ರತಿಗೆ, ಇಪ್ಪತ್ತು ಎ.ಪಿ. ಇಟ್ಟುಕೊಂಡವರೂ ಇದ್ದಾರೆ. ಅವರ ಬಗ್ಗೆ ನಾನು ಏನೂ ಹೇಳೋದಿಲ್ಲ, ನಿಮಗೇ ಗೊತ್ತಾಗುತ್ತೆ. ಮತ್ತೆ, 1/30 ಸಿಕ್ಕರೆ ಅದೃಷ್ಟ, 29/30 ಸಿಕ್ಕರೆ ಉಳಿದಿದ್ದು ಅಂತ ಅಂದುಕೊಳ್ಳಬೇಡಿ. ಲಿನೋದಲ್ಲಿ ಎಲ್ಲ ಒಂದೇ. ಸೂಜಿಯಿಂದ ತಗಡನ್ನು ನೇರವಾಗಿ ಗೀರುವ ಡ್ರೈಪಾಯಿಂಟ್‌ನಲ್ಲಿ ಮಾತ್ರ ಮೊದಲ ಹತ್ತು ಹದಿನೈದು ಹಾಳೆಗೆ ಒಂದು ಮಖಮಲ್ಲಿನ ಕಪ್ಪು ಇರುತ್ತೆ. ಗೀರಿನ ಅಂಚಿನಲ್ಲಿ ಎದ್ದ ಲೋಹದ ಸಿಬಿರು ಇಂಕು ಹಿಡಿದಿಡುತ್ತೆ, ಪ್ರೆಸ್ಸಿನ ಒತ್ತಡಕ್ಕೆ ಅದು ಬೇಗ ಮಲಗಿಬಿಡುತ್ತೆ. ಅಲ್ಲಿ ಮಿತಿ ಹಾಕುವುದು ಕಲಾವಿದರಲ್ಲ, ತಗಡೇ.

ಇನ್ನೊಂದು ವಿಧಾನ ನನಗೆ ತುಂಬಾ ಇಷ್ಟ. ಒಂದೇ ಲಿನೋ ತುಂಡಿನಲ್ಲಿ ನಾಲ್ಕೈದು ಬಣ್ಣ ತೆಗೆಯೋದು. ಮೊದಲು ಸ್ವಲ್ಪ ಕೆತ್ತಿ ಎಲ್ಲ ಹಾಳೆಗೂ ಹಳದಿ ಹಾಕ್ತೀರಿ. ಮತ್ತೆ ಅದೇ ತುಂಡನ್ನು ಇನ್ನಷ್ಟು ಕೆತ್ತಿ ಹಸಿರು. ಮತ್ತೆ ಕೆತ್ತಿ ಕಪ್ಪು. ಕೊನೆಗೆ ಬ್ಲಾಕಿನಲ್ಲಿ ಉಳಿದಿರೋದು ಕಪ್ಪಿನ ಚೂರುಗಳು ಮಾತ್ರ. ಹಳದಿಯ ಹಂತಕ್ಕೆ ದೇವರೇ ಬಂದರೂ ವಾಪಸ್ ಹೋಗೋಕಾಗಲ್ಲ. ಪಿಕಾಸೋ ಇದನ್ನು ಬಹಳ ಬಳಸಿದರು. ಇಪ್ಪತ್ತು ಹಾಳೆ ಇಟ್ಟುಕೊಂಡು ಶುರು ಮಾಡಿದರೆ ಇಪ್ಪತ್ತಕ್ಕಿಂತ ಜಾಸ್ತಿ ಆಗೋದಿಲ್ಲ. ನಡುವೆ ಎರಡು ಹಾಳೆ ಕೆಟ್ಟರೆ ಹದಿನೆಂಟೇ.

ಈಗ ಹಬ್ಬಕ್ಕೆ ಬರೋಣ. ಕಥೆ ಜಪಾನಿನದು, ಹದಿನೆಂಟನೇ ಶತಮಾನದ್ದು. ಸ್ವಲ್ಪ ನಿಧಾನವಾಗಿ ಹೇಳ್ತೀನಿ, ನನಗೆ ಇದಕ್ಕಿಂತ ಒಳ್ಳೆ ಕಥೆ ಗೊತ್ತಿಲ್ಲ.

ಆಗ ಅಲ್ಲಿ ನಮ್ಮ ಹಾಗೆ ಚಂದ್ರನ ಲೆಕ್ಕದ ತಿಂಗಳು. ಕೆಲವು ತಿಂಗಳಿಗೆ 30 ದಿನ, ಕೆಲವಕ್ಕೆ 29. ಯಾವುದು ದೊಡ್ಡ ತಿಂಗಳು, ಯಾವುದು ಚಿಕ್ಕದು ಅನ್ನೋದು ಪ್ರತಿ ವರ್ಷ ಬದಲಾಗುತ್ತಿತ್ತು. ತಿಂಗಳ ಕೊನೆಗೆ ಬಾಕಿ ತೀರಿಸಬೇಕಾದ ವ್ಯಾಪಾರಿಗೆ ಇದು ಗೊತ್ತಿರಲೇಬೇಕು. ಆದರೆ ಪಂಚಾಂಗ ಅಚ್ಚು ಹಾಕಿ ಮಾರುವ ಹಕ್ಕು ಅಪ್ಪಣೆ ಪಡೆದ ಕೆಲವರಿಗೆ ಮಾತ್ರ. ನಮ್ಮ ಒಂಟಿಕೊಪ್ಪಲಿನ ಪಂಚಾಂಗ ಯುಗಾದಿಗೆ ಮನೆಮನೆಗೆ ಬರುತ್ತಲ್ಲ, ಅಷ್ಟು ಸಲೀಸಲ್ಲ.

ಹಾಗಾಗಿ ಊರಿನ ರಸಿಕರು ಒಂದು ದಾರಿ ಹುಡುಕಿದರು. ಹೊಸ ವರ್ಷಕ್ಕೆ ಗೆಳೆಯರಿಗೆ ಕೊಡೋಕೆ ಅಂತ ಕಲಾವಿದರಿಂದ ಮರದ ಅಚ್ಚಿನ ಚಿತ್ರ ಮಾಡಿಸೋದು. ನೋಡೋಕೆ ಸುಮ್ನೆ ಒಂದು ಹುಡುಗಿ, ಮಳೆ, ಒಣಗಲು ಹಾಕಿದ ಬಟ್ಟೆ. ಆದರೆ ಆ ಬಟ್ಟೆಯ ಮಡಿಕೆಯಲ್ಲೋ ಸೊಂಟಪಟ್ಟಿಯ ವಿನ್ಯಾಸದಲ್ಲೋ ದೊಡ್ಡ ತಿಂಗಳುಗಳ ಅಂಕಿ ಅಡಗಿಸಿರುತ್ತಿದ್ದರು. ಕೊಟ್ಟವರು ನಗುತ್ತಾ ಕೂರೋದು, ತಗೊಂಡವರು ಹುಡುಕೋದು. ಮಾರಾಟಕ್ಕಲ್ಲ. ನಮ್ಮ ನಮ್ಮಲ್ಲೇ.

1765ರ ಹೊಸ ವರ್ಷಕ್ಕೆ ಎದೋ ನಗರದಲ್ಲಿ, ಅಂದರೆ ಇವತ್ತಿನ ಟೋಕಿಯೋದಲ್ಲಿ, ಈ ಆಟ ಜೋರಾಯಿತು. ಹಣ ಇದ್ದವರು ಒಬ್ಬರನ್ನೊಬ್ಬರು ಮೀರಿಸೋಕೆ ಹೋದರು. ಸುಜುಕಿ ಹರುನೊಬು ಅನ್ನುವ ಕಲಾವಿದರಿಗೆ ಒಳ್ಳೆ ಕಾಗದ, ಒಳ್ಳೆ ಮರ, ಬೇಕಾದಷ್ಟು ಬಣ್ಣ ಕೊಟ್ಟು ಮಾಡಿಸಿದರು. ಅಲ್ಲಿಯವರೆಗೆ ಮರದ ಅಚ್ಚಿನಲ್ಲಿ ಎರಡು ಮೂರು ಬಣ್ಣ ಬಂದರೆ ಹೆಚ್ಚು. ಅಂಗಡಿಯಲ್ಲಿ ಮಾರುವ ಚಿತ್ರಕ್ಕೆ ಅದಕ್ಕಿಂತ ಖರ್ಚು ಮಾಡಿದರೆ ಗಿಟ್ಟೋದಿಲ್ಲ. ಉಡುಗೊರೆಗೆ ಆ ಲೆಕ್ಕ ಇಲ್ಲ ನೋಡಿ. ಬಣ್ಣಕ್ಕೊಂದು ಮರದ ಹಲಗೆ, ಒಂದರ ಮೇಲೊಂದು ಕೂದಲೆಳೆ ಸರಿಯದ ಹಾಗೆ. ಚಿತ್ರಗಳು ಎಷ್ಟು ಚೆನ್ನಾಗಿ ಬಂದವು ಅಂದರೆ, ಹಬ್ಬ ಮುಗಿದ ಮೇಲೆ ಪ್ರಕಾಶಕರು ಅವೇ ಹಲಗೆಗಳಿಂದ ತಿಂಗಳ ಅಂಕಿ ಕೆತ್ತಿ ತೆಗೆದು ಮಾರಾಟಕ್ಕಿಟ್ಟರು. ಅದಕ್ಕೆ ಬಿದ್ದ ಹೆಸರಿನ ಅರ್ಥ ಜರತಾರಿ ಚಿತ್ರ ಅಂತ. ಆಮೇಲೆ ಬಂದ ಹೊಕುಸಾಯ್, ಹಿರೋಶಿಗೆ ಎಲ್ಲ ನಡೆದದ್ದು ಇದೇ ಹಾದಿಯಲ್ಲಿ. ನಾವು ಫೋನಿನ ಮೇಲೆ ಹಾಕಿಕೊಳ್ಳುವ, ಹೊಕುಸಾಯ್ ಅವರ ಆ ದೊಡ್ಡ ಅಲೆಯ ಬಣ್ಣಗಳ ಅಜ್ಜಿಮನೆ, ಒಂದು ಹೊಸ ವರ್ಷದ ಉಡುಗೊರೆ.

ಅಂಕಿ ಕೆತ್ತಿ ತೆಗೆದು ಮಾರಿದರು ಅಂದೆನಲ್ಲ. ಅದನ್ನು ನೆನಪಿಡಿ. ನನಗೂ ಅದೇ ಆಯಿತು, ಹೇಳ್ತೀನಿ.

ನಮ್ಮ ಕಡೆ ಚಿತ್ರ ಮನೆಮನೆಗೆ ಹೋದದ್ದು ಬೇರೆ ರೀತಿ. ರಾಜಾ ರವಿವರ್ಮ 1894ರಲ್ಲಿ ಮುಂಬೈನಲ್ಲಿ ಪ್ರೆಸ್ ಹಾಕಿದರು. ಲಕ್ಷ್ಮಿ, ಸರಸ್ವತಿ ಎಲ್ಲರ ದೇವರ ಕೋಣೆಗೂ ಬಂದರು. ಅವರು ಮೈಸೂರು ಅರಮನೆಗೆ ಬರೆದುಕೊಟ್ಟ ಚಿತ್ರಗಳನ್ನು ಜಗನ್ಮೋಹನದಲ್ಲಿ ನೀವು ನೋಡಿರುತ್ತೀರಿ. ಪ್ರೆಸ್ಸಿನ ಚಿತ್ರಕ್ಕೆ ಎಣಿಕೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ದೇವರಿಗೆ ಎಲ್ಲಿಯ ಲಿಮಿಟೆಡ್ ಎಡಿಷನ್? ಕಲಬುರಗಿಯ ಎಸ್.ಎಂ. ಪಂಡಿತ್ ಅವರ ಕ್ಯಾಲೆಂಡರ್ ಚಿತ್ರಗಳೂ ಹಾಗೇ. ಹೊಸ ವರ್ಷಕ್ಕೆ ಅಂಗಡಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರನ್ನು ವರ್ಷ ಮುಗಿದ ಮೇಲೆ ಕತ್ತರಿಸಿ ಕಟ್ಟು ಹಾಕಿಸಿದ ಮನೆಗಳು ಎಷ್ಟಿಲ್ಲ! ನಮ್ಮಜ್ಜಿ ಮನೆಯಲ್ಲಿ ಒಂದಿತ್ತು, ಕೆಳಗಡೆ ರಸಗೊಬ್ಬರದ ಅಂಗಡಿ ಹೆಸರಿನ ಅರ್ಧ ಇನ್ನೂ ಉಳಿದಿತ್ತು. ಲೆಕ್ಕ ಇಡದೆ ಹಂಚಿದ ಚಿತ್ರವನ್ನು ನಾನು ಯಾವತ್ತೂ ಕೀಳು ಅಂತ ಅನ್ನೋದಿಲ್ಲ.

ಇವತ್ತಿನ ಹೆಸರುವಾಸಿ ಕಲಾವಿದರ ಉಡುಗೊರೆ ಮಾರುಕಟ್ಟೆ ಈ ಎರಡರ ನಡುವೆ ಎಲ್ಲೋ ಇದೆ. ಆಂಡಿ ವಾರ್ಹಾಲ್ ಗೊತ್ತಲ್ಲ, ಸೂಪಿನ ಡಬ್ಬ ಬರೆದವರು. ಅವರು 1950ರ ದಶಕದಲ್ಲಿ ಜಾಹೀರಾತಿಗೆ ಚಿತ್ರ ಬರೆದು ಬದುಕುತ್ತಿದ್ದರು. ಕೆಲಸ ಕೊಡುವವರಿಗೆ ಉಡುಗೊರೆ ಕೊಡೋಕೆ ಬೆಕ್ಕಿನ ಚಿತ್ರಗಳ ಸಣ್ಣ ಪುಸ್ತಕ ತಾವೇ ಅಚ್ಚು ಹಾಕಿಸಿದರು. ಅಕ್ಷರ ಬರೆದದ್ದು ಅವರ ಅಮ್ಮ. ಒಂದು ಅಕ್ಷರ ಬಿಟ್ಟು ಬರೆದರು, ಮಗ ಹಾಗೇ ಇಟ್ಟ. ಬಣ್ಣ ತುಂಬಿದ್ದು ಗೆಳೆಯರು, ಒಂದು ಹೋಟೆಲಿನಲ್ಲಿ ಕೂತು. 190 ಪ್ರತಿ ಅಂತ ಪುಸ್ತಕದಲ್ಲಿದೆ, ನಿಜಕ್ಕೂ ಅಷ್ಟು ಆಗಿರಲೇ ಇಲ್ಲ ಅಂತಾರೆ. ಹೇಳಿದ್ದಕ್ಕಿಂತ ಕಡಿಮೆ ಮಾಡಿ ಸುಳ್ಳು ಹೇಳಿದವರು ಅವರೊಬ್ಬರೇ ಇರಬೇಕು!

ಉಲ್ಟಾ ಮಾಡಿದವರು ಜಾಸ್ತಿ. ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿ ಖಾಲಿ ಹಾಳೆಗೆ ಸಹಿ ಹಾಕಿ ಕೊಡುತ್ತಿದ್ದರು. 1974ರಲ್ಲಿ ಫ್ರಾನ್ಸಿನ ಅಧಿಕಾರಿಗಳು ತಡೆದ ಒಂದು ವಾಹನದಲ್ಲಿ ಅಂಥ ಸಾವಿರಾರು ಹಾಳೆ ಸಿಕ್ಕವು. ಚಿತ್ರ ಆಮೇಲೆ ಯಾರು ಬೇಕಾದರೂ ಅಚ್ಚು ಹಾಕಬಹುದು, ಸಹಿ ಮೊದಲೇ ಇದೆ! ಡಾಲಿ ಹೆಸರಿನ ಪ್ರಿಂಟು ಅಂದರೆ ಇವತ್ತಿಗೂ ವ್ಯಾಪಾರಿಗಳು ಎರಡು ಸಲ ತಿರುಗಿಸಿ ನೋಡುತ್ತಾರೆ.

ಅಮೆರಿಕದ ಕಲಾವಿದ ಕೀತ್ ಹ್ಯಾರಿಂಗ್ 1986ರಲ್ಲಿ ನ್ಯೂಯಾರ್ಕಿನಲ್ಲಿ ಪಾಪ್ ಶಾಪ್ ಅಂತ ಅಂಗಡಿ ತೆರೆದರು. ಟೀ ಶರ್ಟು, ಬ್ಯಾಡ್ಜು, ಪೋಸ್ಟರು. ಜೇಬಿನಲ್ಲಿ ಕಡಿಮೆ ದುಡ್ಡಿರುವ ಹುಡುಗರೂ ನನ್ನ ಚಿತ್ರ ತಗೊಳ್ಳಲಿ ಅನ್ನೋದು ಅವರ ಆಸೆ. ಆ ಆಸೆ ನನಗೆ ಹಿಡಿಸುತ್ತೆ. ಈಗ ಜಪಾನಿನ ಕಲಾವಿದರಾದ ಕುಸಾಮಾ ಅವರ ಚುಕ್ಕಿ ಕುಂಬಳಕಾಯಿ, ಮುರಕಾಮಿ ಅವರ ನಗುವ ಹೂವು ಮ್ಯೂಸಿಯಂ ಅಂಗಡಿಗಳಲ್ಲಿ ಸಿಗುತ್ತವೆ. ಅವು ಚೆಂದದ ಸಾಮಾನು. ಅದರಲ್ಲಿ ತಪ್ಪಿಲ್ಲ. ಆದರೆ ಕಂಪ್ಯೂಟರಿನಿಂದ ಇಂಕ್‌ಜೆಟ್‌ನಲ್ಲಿ ತೆಗೆದು, ಐನೂರು ಪ್ರತಿ ಅಂತ ಬರೆದು, ಅಪರೂಪದ್ದು, ನಾಳೆ ಬೆಲೆ ಏರುತ್ತೆ ಅಂತ ಯಾರಾದರೂ ನಿಮಗೆ ಮಾರಲು ಬಂದರೆ, ಕಾಫಿ ಕೊಟ್ಟು ಕಳಿಸಿ. ಐನೂರು ಅನ್ನೋದು ಮಿತಿಯಲ್ಲ, ಮದುವೆ ಊಟದ ಲೆಕ್ಕ.

ನನ್ನ ಕಥೆ ಹೇಳ್ತೀನಿ ಅಂದಿದ್ದೆ.

ಕೆಲವು ವರ್ಷಗಳ ಹಿಂದೆ ಒಂದು ಕಂಪನಿಯವರು ಬಂದರು. ಹೆಸರು ಬೇಡ. ದೀಪಾವಳಿಗೆ ದ್ರಾಕ್ಷಿ ಗೋಡಂಬಿ ಡಬ್ಬ ಕೊಟ್ಟು ಸಾಕಾಗಿದೆ ಮೇಡಂ, ಈ ಸಲ ಕಲೆ ಕೊಡೋಣ ಅಂತ ಇದ್ದೀವಿ ಅಂದರು. ನನಗೆ ಕಣ್ಣಲ್ಲಿ ನೀರು ಬರೋದೊಂದು ಬಾಕಿ. ದೇವರಾಜ ಮಾರುಕಟ್ಟೆಯ ಬಾಳೆಹಣ್ಣಿನ ಸಾಲನ್ನು ಕೆತ್ತಿದೆ. ಮೂರು ಬಣ್ಣ. 60 ಹಾಳೆ. ಚಿತ್ರದ ನಡುವೆ ಕಂಪನಿಯ ಲೋಗೋ ಬೇಕು ಅಂದರು, ಕವರ್ ಮೇಲೆ ಹಾಕಿಸಿ ಅಂತ ಒಪ್ಪಿಸಿದೆ. ಎಲ್ಲ ಚೆನ್ನಾಗಿ ಆಯಿತು. ದುಡ್ಡೂ ಕೊಟ್ಟರು, ಸ್ವಲ್ಪ ತಡವಾಗಿ.

ಮರುವರ್ಷ ಜನವರಿಯಲ್ಲಿ ಒಬ್ಬ ಹಳೇ ವಿದ್ಯಾರ್ಥಿ ಬಂದು ಒಂದು ಡೈರಿ ಮೇಜಿನ ಮೇಲಿಟ್ಟ. ರಟ್ಟಿನ ಮೇಲೆ ನನ್ನ ಬಾಳೆಹಣ್ಣು. ಸಹಿ ಇಲ್ಲ, 60 ಇಲ್ಲ, ಕಂಪನಿ ಹೆಸರು ಇದೆ. ಆ ಡೈರಿ ಎಷ್ಟು ಅಚ್ಚಾಗಿತ್ತೋ ಅವರಿಗೇ ಗೊತ್ತು. ಫೋನ್ ಮಾಡಿ ಜಗಳ ಆಡಿದೆ. ಆ ಕಡೆಯವರು ತಣ್ಣಗೆ, "ನಾವೇ ಹೇಳಿ ಮಾಡಿಸಿದ್ದಲ್ವಾ ಮೇಡಂ" ಅಂದರು.

ವಕೀಲ ಗೆಳತಿ ಹತ್ತಿರ ಓಡಿದೆ. ಅವಳು ಪುಸ್ತಕ ತೆಗೆದು ಓದಿ ಹೇಳಿದಳು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್. ಸಾಮಾನ್ಯವಾಗಿ ಕೃತಿ ಮಾಡಿದವರೇ ಹಕ್ಕಿನ ಮೊದಲ ಒಡೆಯರು. ಆದರೆ ಯಾರಾದರೂ ಹಣ ಕೊಟ್ಟು ಹೇಳಿ ಫೋಟೋ ತೆಗೆಸಿದರೆ, ಚಿತ್ರ ಬರೆಸಿದರೆ, ಕೆತ್ತನೆ ಅಚ್ಚು ಮಾಡಿಸಿದರೆ, ಬೇರೆ ಒಪ್ಪಂದ ಇಲ್ಲದೇ ಹೋದಲ್ಲಿ ಹಕ್ಕು ಮಾಡಿಸಿದವರಿಗೇ ಹೋಗುತ್ತೆ. ಕೆತ್ತನೆ ಅಂದರೆ ಅದರಲ್ಲಿ ವುಡ್‌ಕಟ್, ಎಚಿಂಗ್, ಕಲ್ಲಚ್ಚಿನ ಲಿಥೋ ಎಲ್ಲ ಸೇರಿದೆ. ನನ್ನ ಹತ್ತಿರ ಒಪ್ಪಂದ ಎಲ್ಲಿತ್ತು? ಅವರು ಕಾಫಿ ಕುಡಿದು ಹೋದ ಲೋಟ ಇತ್ತು.

ಅವತ್ತು ದುಡ್ಡು ಹೋಯಿತು ಅಂತ ಬೇಜಾರಾಗಲಿಲ್ಲ. ಆ 60 ಮನೆಗಳ ಗೋಡೆಯ ಮೇಲೆ ನನ್ನ ಕೈಬರಹದಲ್ಲಿ ಒಂದು ಮಾತಿದೆ, ಅದು ಸುಳ್ಳಾಯಿತಲ್ಲ ಅಂತ ಆಯಿತು. ಹರುನೊಬು ಅವರ ಹಲಗೆಯಿಂದ ಪ್ರಕಾಶಕರು ಅಂಕಿ ತೆಗೆದಾಗ ಆ ಎದೋ ರಸಿಕರಿಗೆ ಹೇಗನ್ನಿಸಿತೋ. ಬಹುಶಃ ಏನೂ ಅನ್ನಿಸಿರಲಿಕ್ಕಿಲ್ಲ, ತಿಂಗಳ ಲೆಕ್ಕ ಮುಗಿದಿತ್ತು. ನಾನು ಮಾತ್ರ ಇವತ್ತಿಗೂ ಮಾರುಕಟ್ಟೆಗೆ ಹೋದರೆ ಆ ಸಾಲಿನಲ್ಲಿ ಬಾಳೆಹಣ್ಣು ತಗೊಳ್ಳೋದಿಲ್ಲ.

ಈಗ ಯಾರೇ ಕೇಳಿದರೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕ್ತೀವಿ. ಎಷ್ಟು ಪ್ರತಿ, ಎ.ಪಿ. ಎಷ್ಟು, ಹಕ್ಕು ನನ್ನದೇ, ಕೊನೆಯ ಹಾಳೆ ಆದ ಮೇಲೆ ಬ್ಲಾಕ್ ರದ್ದು. ನಾಲ್ಕು ಸಾಲು ಸಾಕು. ರದ್ದು ಅಂದರೆ ಬ್ಲಾಕಿನ ಮೇಲೆ ಮೂಲೆಯಿಂದ ಮೂಲೆಗೆ ಉಳಿಯಿಂದ ಒಂದು ಗೀರು ಎಳೆಯೋದು. ಆ ಗೀರಿನ ಸಮೇತ ಒಂದು ಹಾಳೆ ಅಚ್ಚು ತೆಗೆದು ಇಟ್ಟುಕೊಳ್ಳುವವರೂ ಇದ್ದಾರೆ, ಸಾಕ್ಷಿಗೆ. ಎಳೆಯುವಾಗ ಕೈ ನಡುಗುತ್ತೆ, ಸುಳ್ಳು ಹೇಳೋದಿಲ್ಲ. ಇಲ್ಲಿರುವ ಕಾವಾ ಕಲಾಶಾಲೆಯ ಹುಡುಗರು, ದಯವಿಟ್ಟು ಇದನ್ನು ಬರೆದುಕೊಳ್ಳಿ.

ಕಾವಾ ಅಂದಾಗ ನೆನಪಾಯಿತು. ಹಬ್ಬಕ್ಕೆ ಇಂಥದ್ದು ಕೊಡಬೇಕು ಅಂತ ಆಸೆ ಇದ್ದರೆ ನ್ಯೂಯಾರ್ಕ್ ಕಡೆ ನೋಡಬೇಕಾಗಿಲ್ಲ. ಸಿದ್ಧಾರ್ಥನಗರದ ಕಾವಾದಲ್ಲಿ ಗ್ರಾಫಿಕ್ಸ್ ವಿಭಾಗ ಇದೆ. ದಸರಾ ಸಮಯದಲ್ಲಿ ಲಲಿತಕಲೆಯ ಪ್ರದರ್ಶನ ಅಲ್ಲೇ ನಡೆಯುತ್ತೆ. ಅರಮನೆ ದೀಪ ನೋಡಿ, ವಸ್ತುಪ್ರದರ್ಶನದಲ್ಲಿ ಹಪ್ಪಳ ತಿಂದು ಎಲ್ಲರೂ ಮನೆಗೆ ಹೋಗ್ತೀರಿ. ಒಂದು ಗಂಟೆ ಆ ಕಡೆ ಹೋಗಿ. ಜನವರಿಯಲ್ಲಿ ಬೆಂಗಳೂರಿಗೆ ಹೋಗೋ ಕೆಲಸ ಇದ್ದರೆ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ. ಇಪ್ಪತ್ತು ವರ್ಷಕ್ಕೂ ಮೇಲಿನಿಂದ ನಡೀತಿದೆ, ಕುಮಾರಕೃಪಾ ರಸ್ತೆ ತುಂಬಾ ಚಿತ್ರ. ಮಾಡಿದವರೇ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಿರುತ್ತಾರೆ. ಕೇಳಿ. ಬ್ಲಾಕ್ ಏನು ಮಾಡಿದಿರಿ ಅಂತ ಕೇಳಿ. ಆ ಪ್ರಶ್ನೆ ಕೇಳಿದರೆ ಅವರ ಮುಖ ಅರಳುತ್ತೆ.

ಕೊಡುವ ರೀತಿಯ ಬಗ್ಗೆ ಒಂದೆರಡು ಮಾತು. ದಯವಿಟ್ಟು ದೊಡ್ಡದು ಕೊಡಬೇಡಿ. ನಮ್ಮ ಊರಿನ ಸನ್ಮಾನಗಳಲ್ಲಿ ಕೊಡುವ ಬೀಟೆ ಮರದ ಇನ್‌ಲೇ ಫಲಕ ಎಷ್ಟು ಮನೆಯ ಅಟ್ಟದ ಮೇಲಿವೆ ಅಂತ ನಿಮಗೆ ಗೊತ್ತು. ಕೆಲಸ ಅದ್ಭುತ, ಗೋಡೆಯೇ ಸಾಲದು. ತಗೊಂಡವರ ಮನೆಯಲ್ಲಿ ಒಂದು ಮೊಳ ಜಾಗ ಸಾಕು ಅನ್ನುವಂಥದು ಕೊಡಿ. ಕಟ್ಟು ಹಾಕಿಸಿ ಕೊಡೋದಾದರೆ ಗಾಜು ಹಾಳೆಗೆ ತಾಗಬಾರದು. ನಡುವೆ ಮೌಂಟ್ ಬೋರ್ಡಿನ ಅಂಚು ಇರಲಿ. ಮಳೆಗಾಲದಲ್ಲಿ ಗಾಜಿನ ಒಳಗೆ ಬೆವರು ಕೂತರೆ ಇಂಕು ಗಾಜಿಗೆ ಅಂಟುತ್ತೆ. ಫ್ರೇಮ್ ಅಂಗಡಿಯವರು ಹಿಂದೆ ಹಾಕುವ ಕಂದು ರಟ್ಟು, ಸೆಲ್ಲೋಟೇಪು ಎರಡೂ ಹಾಳೆಗೆ ಶತ್ರು. ಕೆಲವೇ ವರ್ಷಕ್ಕೆ ಚಹಾ ಚೆಲ್ಲಿದ ಹಾಗೆ ಕಲೆ ಬರುತ್ತೆ. ಮತ್ತೆ, ಚಿತ್ರದ ಅಂಚನ್ನು ಫ್ರೇಮಿನ ಅಳತೆಗೆ ಕತ್ತರಿಸೋಕೆ ಬಿಡಬೇಡಿ. ನನ್ನ ಒಂದು ಚಿತ್ರದ ಅಂಕಿ, ಸಹಿ ಎರಡೂ ಹಾಗೆ ಅಂಗಡಿಯ ಕಸದ ಬುಟ್ಟಿಗೆ ಹೋಗಿದೆ.

ನಾನಂತೂ ಈಗೀಗ ಕಟ್ಟಿಲ್ಲದೆಯೇ ಕೊಡ್ತೀನಿ. ಬಟರ್ ಪೇಪರಿನ ಒಳಗೆ, ಎರಡು ರಟ್ಟಿನ ನಡುವೆ, ಅರಿಶಿನದ ದಾರ ಕಟ್ಟಿ. ಗೌರಿ ಬಾಗಿನದ ಮೊರ ಇದ್ದ ಹಾಗೆ, ಒಂದರ ಮೇಲೊಂದು ಮುಚ್ಚಿದ್ದು. ತೆಗೆಯೋಕೆ ಸ್ವಲ್ಪ ಹೊತ್ತು ಹಿಡಿಯಬೇಕು.

ಶಾಂತಿನಿಕೇತನದ ನಂದಲಾಲ್ ಬೋಸ್ ದೊಡ್ಡ ಕಲಾವಿದರು. 1930ರಲ್ಲಿ ಕೋಲು ಹಿಡಿದು ನಡೆಯುವ ಗಾಂಧೀಜಿಯ ಲಿನೋ ಮಾಡಿದವರು ಅವರೇ, ನೋಡಿರುತ್ತೀರಿ, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೆರೆ. ಅವರು ಶಿಷ್ಯರಿಗೆ, ಗೆಳೆಯರಿಗೆ ಅಂಚೆ ಕಾರ್ಡಿನ ಮೇಲೆ ಚಿತ್ರ ಬರೆದು ಕಳಿಸುತ್ತಿದ್ದರು. ಅಂಚೆ ಕಾರ್ಡು, ಅಷ್ಟೇ. ಲಿನೋ ಕೂಡ ಅಂಥದೇ ಬಡ ಸಾಮಾನು. ಅಗಸೆ ಎಣ್ಣೆ, ಕಾರ್ಕ್ ಪುಡಿ, ಹಿಂದೆ ಗೋಣಿ ಬಟ್ಟೆ. ನೆಲಕ್ಕೆ ಹಾಸೋಕೆ ಅಂತ ಹುಟ್ಟಿದ್ದು. ಬಿಸಿಲಿಗೆ ಹತ್ತು ನಿಮಿಷ ಇಟ್ಟರೆ ಬೆಣ್ಣೆಯ ಹಾಗೆ ಕತ್ತರಿಸಬಹುದು. ಪ್ರೆಸ್ಸೂ ಬೇಡ. ಹಾಳೆ ಮೇಲಿಟ್ಟು ಮರದ ಸೌಟಿನ ಬೆನ್ನಿನಿಂದ ಉಜ್ಜಿದರೆ ಅಚ್ಚು ಬರುತ್ತೆ. ಹಾಗಾಗಿ ಕೊಂಡುಕೊಳ್ಳೋಕೆ ಆಗದವರು ಮಾಡಿಯೇ ಕೊಡಬಹುದು. ಕೈ ಕೊಯ್ದುಕೊಂಡರೆ ನನ್ನ ಜವಾಬ್ದಾರಿ ಅಲ್ಲ. ಉಳಿ ಹಿಡಿಯದ ಕೈಯನ್ನು ಯಾವಾಗಲೂ ಉಳಿಯ ಹಿಂದೆ ಇಟ್ಟುಕೊಳ್ಳಿ.

ಆಮೇಲೆ ಪ್ರಶ್ನೆಗಳು ಬಂದವು. ಎಲ್ಲವನ್ನೂ ಬರೆಯೋದಿಲ್ಲ.

ಒಬ್ಬರು, ಮುಂದೆ ಬೆಲೆ ಬರುತ್ತಾ ಅಂತ ಕೇಳಿದರು. ಬೆಲೆ ಬೇಕಾದರೆ ಚಿನ್ನ ತಗೊಳ್ಳಿ ಅಂದೆ. ಎಲ್ಲರೂ ನಕ್ಕರು, ಅವರು ನಗಲಿಲ್ಲ. ಆಮೇಲೆ ಕಾಫಿ ಹೊತ್ತಿನಲ್ಲಿ ಹೋಗಿ ಸರಿಯಾಗಿ ಉತ್ತರ ಕೊಟ್ಟೆ. ಕೆಲವರ ಚಿತ್ರಕ್ಕೆ ಬರುತ್ತೆ, ಬಹಳ ಜನರದ್ದಕ್ಕೆ ಬರೋದಿಲ್ಲ, ಯಾರದ್ದಕ್ಕೆ ಅಂತ ಮೊದಲೇ ಹೇಳುವವರನ್ನು ನಂಬಬೇಡಿ.

ಒಬ್ಬ ಹುಡುಗಿ ಕೇಳಿದಳು. "ಮೇಡಂ, ಮೂವತ್ತೂ ಖಾಲಿಯಾಗಿ ಇನ್ನೂ ಹತ್ತು ಜನ ಕೇಳಿದರೆ? ನಮಗೂ ಬಾಡಿಗೆ ಕಟ್ಟಬೇಕು." ನಿಜ. ಕಷ್ಟದ ಪ್ರಶ್ನೆ. ಮೊದಲೇ ಐವತ್ತು ಅಂತ ಬರಿ, ಆದರೆ ಮೂವತ್ತು ಅಂತ ಬರೆದು ಐವತ್ತು ಮಾಡಬೇಡ ಅಂದೆ. ಇನ್ನೊಂದು ಚಿತ್ರ ಕೆತ್ತು ಅಂತಲೂ ಅಂದೆ. ಅದು ಹೇಳೋಕೆ ಸುಲಭ ಅಂತ ಅವಳ ಮುಖದಲ್ಲಿತ್ತು, ಅದೂ ಸರಿಯೇ.

ಕೊನೆಗೆ ಹಿಂದಿನ ಸಾಲಿನಲ್ಲಿ ನಮ್ಮ ಮೇಷ್ಟ್ರು ಎದ್ದು ನಿಂತರು. ಬಂದಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಅಷ್ಟು ಹೊತ್ತು ಅವರ ಕಥೆ ಹೇಳಿ ನಗಿಸಿದ್ದೆ, ನಾಲಿಗೆ ಕಚ್ಚಿಕೊಂಡೆ.

"ನಂದು ಹನ್ನೆರಡು," ಅಂದರು. "ಹದಿಮೂರು ಯಾರ ಹತ್ರ ಇದೆ?"

ಮಂಡ್ಯದಲ್ಲಿ ನನ್ನ ತಂಗಿ ಮನೇಲಿದೆ ಅಂದೆ.

"ಹನ್ನೊಂದು?"

ನಮ್ಮ ಹಲ್ಲಿನ ಡಾಕ್ಟರ ಹತ್ತಿರ.

"ಚೀಟಿ ಅಂತ ನೀನೇ ಒಪ್ಪಿಕೊಂಡೆಯಲ್ಲಮ್ಮ. ಹಾಗಾದ್ರೆ ಮೂವತ್ತೂ ಜನ ಒಂದು ಸಲ ಸೇರಬೇಕಲ್ಲ. ನಮ್ಮ ಮನೆ ಮಹಡಿ ಖಾಲಿ ಇದೆ. ಎಲ್ಲರೂ ಅವರವರ ಹಕ್ಕಿ ತರಲಿ."

ಅವತ್ತು ರಾತ್ರಿ ಮನೆಗೆ ಬಂದು ನನ್ನ ಎಡಿಷನ್ ಪುಸ್ತಕ ತೆಗೆದೆ. ಯಾವ ನಂಬರು ಯಾರಿಗೆ ಹೋಯಿತು ಅಂತ ಬರೆದಿಡುವ ಉದ್ದನೆಯ ಲೆಕ್ಕದ ಪುಸ್ತಕ. ಹೆಜ್ಜಾರ್ಲೆಯ ಪುಟದಲ್ಲಿ 26 ಹೆಸರಿವೆ. 7, 18, 21, 22ರ ಮುಂದೆ ಖಾಲಿ. ಒಂದು ಪ್ರದರ್ಶನದಲ್ಲಿ ಯಾರೋ ತಗೊಂಡು ಹೋದರು, ಗಡಿಬಿಡಿಯಲ್ಲಿ ಹೆಸರು ಕೇಳಲಿಲ್ಲ. ಇದನ್ನು ಓದುತ್ತಿರುವವರ ಗೋಡೆಯ ಮೇಲೆ ಕುತ್ತಿಗೆ ಒಳಗೆಳೆದುಕೊಂಡ ಹಕ್ಕಿ ಇದ್ದರೆ, ಎಡಗಡೆ ಮೂಲೆಯ ಅಂಕಿ ಒಂದು ಸಲ ನೋಡಿ. ಮೇಷ್ಟ್ರು ಆಯುಧಪೂಜೆ ಆದ ಮೇಲಿನ ಭಾನುವಾರ ಅಂತ ನಿಗದಿ ಮಾಡಿದ್ದಾರೆ. ಕುರ್ಚಿ ಅವರದ್ದು, ಕಾಫಿ ನನ್ನದು.